ಉಗುರಿಲ್ಲದ ಹೆಬ್ಬೆರಳಿಗೊಂದು ಚೂರಿ

ನನ್ನ ಬಲಗೈಯ ಹೆಬ್ಬೆರಳಿಗೆ ಉಗುರಿಲ್ಲ. ಉಗುರಿರಬೇಕಾದಲ್ಲಿ ಈರುಳ್ಳಿಯ ಒಳಪೊರೆಯಂಥ ಒಂದು ಮೆತ್ತನೆಯ ಪದರ ಇದೆ. ಅದರಿಂದ ಯಾವುದನ್ನೂ ಕೀಳಲು, ಸುಲಿಯಲು, ಕೆರೆಯಲು ಆಗುವುದಿಲ್ಲ. ಈಗ ಅದು ಎಷ್ಟು ಅಭ್ಯಾಸವಾಗಿದೆಯೆಂದರೆ ದಿನಗಟ್ಟಲೆ ನೆನಪೇ ಬರುವುದಿಲ್ಲ. ಆದರೆ ಐವತ್ತರ ದಶಕದ ಕೊನೆಯಲ್ಲಿ ಆ ಬೆರಳಿನ ದೆಸೆಯಿಂದ ನಮ್ಮ ಮನೆಯಲ್ಲಿ ಎರಡು ತಿಂಗಳು ನಡೆದ ರಗಳೆಯನ್ನು ಮಾತ್ರ ನಾನು ಮರೆತಿಲ್ಲ.

ಆಗ ನಾನು ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮದುವೆಯಾಗಿರಲಿಲ್ಲ. ಬಿಜೈಯ ಹಂಚಿನ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಅಮ್ಮ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ನಿವೃತ್ತಿಯಾದ ಮೇಲೂ ಅವಳ ಕೈಗಳು ನಿವೃತ್ತಿಯನ್ನು ಒಪ್ಪಿರಲಿಲ್ಲ. ಬೀದಿಯಲ್ಲಿ ಯಾರು ಕುಂಟುತ್ತ ಹೋದರೂ ನಿಲ್ಲಿಸಿ ಕಾಲು ನೋಡುತ್ತಿದ್ದಳು. ಸ್ಪಿರಿಟ್, ಹತ್ತಿ, ಇಕ್ಕಳ, ಬಿಳಿ ಎನಾಮಲ್ಲಿನ ತಟ್ಟೆ, ಇವೆಲ್ಲ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಉಪ್ಪು ಹುಳಿಯ ಭರಣಿಗಳ ಪಕ್ಕದಲ್ಲೇ ಇರುತ್ತಿದ್ದವು.

ಉಗುರು ಹೋದದ್ದು ಆ ಅಡುಗೆಮನೆಯ ಹಿಂಬಾಗಿಲಿನಲ್ಲಿ. ಜೂನ್ ತಿಂಗಳ ಒಂದು ಸಂಜೆ ಗಾಳಿ ಬಾಗಿಲನ್ನು ಒಳಗೆ ನೂಕುತ್ತಿತ್ತು. ಅಮ್ಮ ಮೈಯ ಭಾರವನ್ನೆಲ್ಲ ಹಾಕಿ ಅದನ್ನು ದೂಡಿ ಮುಚ್ಚಿದಳು. ಚೌಕಟ್ಟಿನ ಮೇಲೆ ನನ್ನ ಕೈಯಿತ್ತು. ನಾನು ಕಿರುಚಿದ್ದು ನೆನಪಿದೆ. ಮರುಕ್ಷಣವೇ ಅವಳು ನರ್ಸ್ ಆಗಿಬಿಟ್ಟದ್ದೂ ನೆನಪಿದೆ. ಕೂರಿಸಿದಳು, ನೀರು ಕುದಿಸಿದಳು, ಜಜ್ಜಿಹೋದ ಉಗುರನ್ನು ಬಿಡಿಸಿ ತೆಗೆದಳು, ಕಟ್ಟು ಹಾಕಿದಳು. ಗಾಯ ಮಾಯಿತು, ಉಗುರು ಬರಲಿಲ್ಲ. ಆಮೇಲಿನ ಮೂರು ವರ್ಷಗಳಲ್ಲಿ ಆ ಬಾಗಿಲಿನ ವಿಚಾರವನ್ನು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಊಟ ಬಡಿಸುವಾಗ ಮಾತ್ರ ಅವಳ ಕಣ್ಣು ನನ್ನ ಹೆಬ್ಬೆರಳಿನ ಮೇಲೆ ಒಮ್ಮೆ ಹಾದುಹೋಗುತ್ತಿತ್ತು.

ಡ್ರಾಯಿಂಗ್ ಮಾಸ್ತರನಿಗೆ ಪೆನ್ಸಿಲು ಕೆತ್ತುವುದೇ ಅರ್ಧ ಕೆಲಸ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಂಪನಕಟ್ಟೆಯಲ್ಲಿ ನಾನೊಂದು ಮಡಚುವ ಚೂರಿ ಕೊಂಡಿದ್ದೆ. ಹಿಡಿಯ ಎರಡೂ ಬದಿಗೆ ಎಲುಬಿನ ಪಟ್ಟಿ, ಬೆನ್ನಿಗೆ ಉಕ್ಕಿನ ಸ್ಪ್ರಿಂಗು, ಎಲ್ಲವನ್ನೂ ಬಿಗಿದು ಹಿಡಿದ ಮೂರು ಹಿತ್ತಾಳೆ ಮೊಳೆ. ಬಹಳ ಒಳ್ಳೆಯ ಚೂರಿ. ಅಲಗು ಬಿಡಿಸಲು ಅದರ ಮೇಲೆ ಉಗುರು ಸಿಕ್ಕಿಸುವ ಸಣ್ಣದೊಂದು ಗೀರು ಇರುತ್ತದಲ್ಲ, ಅದು ಒಂದೇ ಬದಿಗೆ, ಬಲಗೈಯ ಹೆಬ್ಬೆರಳಿಗೆ ಹೇಳಿ ಮಾಡಿಸಿದ ಹಾಗೆ ಇತ್ತು. ಉಗುರು ಹೋದ ಮೇಲೆ ಎಡಗೈಯಿಂದ ನೋಡಿದೆ, ತೋರುಬೆರಳಿನಿಂದ ನೋಡಿದೆ. ಸ್ಪ್ರಿಂಗು ಅಷ್ಟು ಗಟ್ಟಿ, ಬಿಡಲಿಲ್ಲ. ಕೊನೆಗೆ ಹಲ್ಲಿನಲ್ಲಿ ಕಚ್ಚಿ ಎಳೆಯುವುದನ್ನು ರೂಢಿ ಮಾಡಿಕೊಂಡೆ. ಅದರಿಂದ ನನಗೆ ಯಾವ ತೊಂದರೆಯೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ನಡೆದದ್ದನ್ನು ನಾನಾಗಿ ಯಾರ ಹತ್ತಿರವೂ ಬೇಡಿರಲಿಲ್ಲ.

ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಇಗರ್ಜಿಯಿಂದ ಬಂದು ವರಾಂಡದಲ್ಲಿ ಕೂತು ಚೂರಿಯನ್ನು ಹಲ್ಲಿಗಿಟ್ಟಿದ್ದೆ. ಅಮ್ಮ ಕಾಫಿ ತರುತ್ತಿದ್ದವಳು ಅಲ್ಲೇ ನಿಂತಳು.

"ಎಂತ ಅದು ಬಾಯಿಯಲ್ಲಿ?"

"ಚೂರಿ, ಮಾಂಯ್." ನಮ್ಮ ಕೊಂಕಣಿಯಲ್ಲಿ ಅಮ್ಮನನ್ನು ಹಾಗೆ ಕರೆಯುವುದು.

"ಶಾಲೆಯ ಮಕ್ಕಳೆಲ್ಲ ಮುಟ್ಟಿದ ಚೂರಿ ಬಾಯಿಗೆ? ದಿನಾ ಹೀಗೆಯಾ ಮಾಡುವುದು?"

"ಮತ್ತೆ ಹೇಗೆ ಬಿಡಿಸುವುದು? ಉಗುರು ಇಲ್ಲ ಅಲ್ವಾ?"

ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು. ಅವಳು ಕಾಫಿ ಕೆಳಗಿಟ್ಟು ಕೈ ಚಾಚಿದಳು. "ಕೊಡು ಇಲ್ಲಿ. ನಾನು ಸರಿ ಮಾಡಿಸ್ತೇನೆ."

ಮಾಡಿಸುತ್ತೇನೆ ಅಂದದ್ದು ಬರೀ ಬಾಯಿಮಾತು. ಮರುದಿನ ಶಾಲೆಯಿಂದ ಬಂದಾಗ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು, ಬಟ್ಟೆಯ ಮೇಲೆ ಎನಾಮಲ್ ತಟ್ಟೆ, ತಟ್ಟೆಯಲ್ಲಿ ಸ್ಪಿರಿಟ್ಟಿನಲ್ಲಿ ಮುಳುಗಿದ ನನ್ನ ಚೂರಿ, ಏಳು ತುಂಡುಗಳಾಗಿ. ಮೊಳೆಗಳ ತಲೆಯನ್ನು ಅರದಿಂದ ಉಜ್ಜಿ, ಕಲ್ಲಿನಿಂದ ಬಡಿದು ಹೊರಗೆ ಹಾಕಿದ್ದಳು.

"ನೋಡು ಒಳಗೆ ಎಷ್ಟು ಕೊಳೆ ಉಂಟು!" ಎಂದು ಇಕ್ಕಳದಲ್ಲಿ ಕಪ್ಪು ಹತ್ತಿಯನ್ನು ಎತ್ತಿ ತೋರಿಸಿದಳು. ಮುಖದಲ್ಲಿ ಎಷ್ಟೋ ದಿನಗಳಿಂದ ಕಾಣದ ಉತ್ಸಾಹ.

"ಮಾಂಯ್, ಇದನ್ನು ವಾಪಸ್ ಜೋಡಿಸುವುದು ಹೇಗೆ?"

"ಮೊಳೆ ಬೇಡ. ಸ್ಕ್ರೂ ಹಾಕುವ. ಸ್ಕ್ರೂ ಆದರೆ ವಾರಕ್ಕೊಮ್ಮೆ ಬಿಚ್ಚಿ ಕುದಿಸ್ಲಿಕ್ಕೆ ಆಗ್ತದೆ. ಮತ್ತೆ ಅಲಗಿಗೆ ಒಂದು ತೂತು ಕೊರೆದು ಗುಂಡು ತಲೆಯ ಸಣ್ಣ ಸ್ಕ್ರೂ ಕೂರಿಸುವ. ಹೆಬ್ಬೆರಳಲ್ಲಿ ದೂಡಿದ್ರೆ ಸಾಕು, ಬಿಚ್ಚಿಕೊಳ್ತದೆ."

ಯೋಚನೆ ಕೆಟ್ಟದ್ದೇನಲ್ಲ ಎಂದು ಇವತ್ತಿಗೂ ಒಪ್ಪುತ್ತೇನೆ. ಆದರೆ ವಾರಕ್ಕೊಮ್ಮೆ ಚೂರಿ ಕುದಿಸುವ ಮನೆ ಮಂಗಳೂರಿನಲ್ಲಿ ಇನ್ನೊಂದು ಇರಲಿಲ್ಲ.

ಸ್ಕ್ರೂ ತರುವ ಕೆಲಸ ನನ್ನ ಪಾಲಿಗೆ ಬಂತು. ಹಂಪನಕಟ್ಟೆಯ ಒಂದು ಓಣಿಯಲ್ಲಿ ಬೀಗ, ಬಿಜಾಗರಿ, ಕೊಡೆಯ ಕಡ್ಡಿ, ಟ್ರಂಕಿನ ಹಿಡಿ ಮಾರುವ ವಯಸ್ಸಾದ ಬ್ಯಾರಿ ಸಾಹೇಬರ ಅಂಗಡಿಯಿತ್ತು. ಅಮ್ಮ ಕೊಟ್ಟ ಮಾತ್ರೆಯ ಬಾಟಲಿಯನ್ನು ಅವರ ಮುಂದಿಟ್ಟೆ. ಅದರೊಳಗೆ ಹತ್ತಿಯ ಹಾಸಿಗೆಯ ಮೇಲೆ ಒಂದು ತಲೆಯಿಲ್ಲದ ಮೊಳೆ.

"ಇದು ಎಂತ ಮಾಸ್ಟ್ರೇ? ಯಾರ ಹೊಟ್ಟೆಯಿಂದ ತೆಗೆದದ್ದು?"

ಚೂರಿಗೆ ಈ ಮೊಳೆಯ ಬದಲು ಸ್ಕ್ರೂ ಬೇಕು ಎಂದಷ್ಟೇ ಹೇಳಿದೆ. ಅವರು ಹತ್ತಾರು ಡಬ್ಬಿ ಕೆದಕಿ ಮೂರು ಸಣ್ಣ ಹಿತ್ತಾಳೆ ಸ್ಕ್ರೂ, ಮೂರು ನಟ್ಟು ಹುಡುಕಿ ಕೊಟ್ಟರು. ಮನೆಗೆ ಬಂದು ನೋಡಿದರೆ ಕೂದಲೆಳೆಯಷ್ಟು ದಪ್ಪ ಹೆಚ್ಚು. ಮತ್ತೆ ಹೋದೆ, ಈ ಸಲ ಸಪೂರ, ತೂತಿನಲ್ಲಿ ಲಟಪಟ ಅಲ್ಲಾಡಿತು. ಮೂರನೆಯ ಸಲದ್ದು ಸರಿ ಕೂತಿತು, ಉದ್ದ ಸಾಲಲಿಲ್ಲ. ಶಾಲೆ ಬಿಟ್ಟ ಕೂಡಲೇ ನೇರ ಮನೆಗೆ ಬರುವವನು ಆ ವಾರವೆಲ್ಲ ಬಸ್ಸು ಹಿಡಿದು ಹಂಪನಕಟ್ಟೆಗೆ ಹೋದೆ. ನಾಲ್ಕನೆಯ ಸಲ ಸಾಹೇಬರು ನನ್ನನ್ನು ದೂರದಿಂದ ಕಂಡೇ ಡಬ್ಬಿ ಇಳಿಸಿದರು.

ಇತ್ತ ಶಾಲೆಯಲ್ಲಿ ನನ್ನ ಪಾಡು ಹೇಳತೀರದು. ಮಕ್ಕಳು ಡ್ರಾಯಿಂಗ್ ಪರೀಕ್ಷೆಗೆ ಕೂರುವ ಕಾಲ ಹತ್ತಿರವಾಗಿತ್ತು. ನಾನು ಗಡ್ಡ ಬೋಳಿಸುವ ಬ್ಲೇಡಿನಲ್ಲಿ ಪೆನ್ಸಿಲು ಕೆತ್ತುತ್ತಿದ್ದೆ. ಬ್ಲೇಡು ಬಳುಕುತ್ತಿತ್ತು, ಸೀಸ ಮುರಿಯುತ್ತಿತ್ತು, ಎರಡನೆಯ ದಿನ ತೋರುಬೆರಳು ಕೊಯ್ದುಕೊಂಡೆ. ಮನೆಗೆ ಬಂದಾಗ ಅಮ್ಮ ಅದಕ್ಕೆ ಬಹಳ ಚೆಂದದ ಕಟ್ಟು ಹಾಕಿದಳು. "ಇನ್ನು ಸ್ವಲ್ಪ ದಿನ ತಡಕೋ ಪುತಾ. ಚೂರಿ ಆಗ್ತಾ ಬಂತು," ಅಂದಳು.

ಚೂರಿ ಆಗುತ್ತಾ ಬರಲಿಲ್ಲ. ಸ್ಕ್ರೂ ಬಿಗಿಯುವಾಗ ಎಲುಬಿನ ಪಟ್ಟಿ ಬಿರುಕು ಬಿಟ್ಟಿತು. ಇನ್ನೊಂದು ಸ್ಕ್ರೂ ಬಿಗಿಯುವಾಗ ಆಚೆ ಬದಿಯ ಪಟ್ಟಿಯೂ ಬಿಟ್ಟಿತು. ಬೇರೆ ಯಾರಾದರೂ ಅಲ್ಲಿಗೆ ಕೈಬಿಡುತ್ತಿದ್ದರು. ಮರುದಿನ ಬಂದು ನೋಡುತ್ತೇನೆ, ಹಿಡಿಗೆ ಎರಡೂ ಬದಿ ನಯವಾದ ಹಳದಿ ಮರದ ಪಟ್ಟಿ. ಬಹಳ ಅಂದವಾಗಿತ್ತು. ಹತ್ತಿರ ಹಿಡಿದು ನೋಡಿದೆ. ಒಂದು ಪಟ್ಟಿಯ ಅಂಚಿನಲ್ಲಿ ಸಣ್ಣ ಕಪ್ಪು ಗೆರೆಗಳು, ಗೆರೆಗಳ ಕೆಳಗೆ ಮೂರು, ನಾಲ್ಕು, ಐದು ಎಂಬ ಅಂಕಿಗಳು.

"ಮಾಂಯ್! ಇದು ನನ್ನ ಸ್ಕೇಲು!"

"ಹೌದು. ಮರ ಒಳ್ಳೆದುಂಟು."

"ಅದು ನಾನು ಮದ್ರಾಸಿನಿಂದ ತರಿಸಿದ ಸ್ಕೇಲು! ಅದನ್ನು ಗರಗಸದಲ್ಲಿ ಕೊಯ್ದೆಯಾ?"

"ಮಧ್ಯದಿಂದ ಮಾತ್ರ ತೆಗೆದದ್ದು, ಮಾರಾಯ. ಎರಡು ತುದಿಯೂ ಉಂಟು," ಎಂದು ಸೆರಗಿಗೆ ಕೈ ಒರಸಿಕೊಂಡು ಉಳಿದ ಎರಡು ತುಂಡುಗಳನ್ನು ತಂದು ಕೊಟ್ಟಳು.

ಆ ದಿನ ನಾನು ಊಟ ಮಾಡದೆ ಕೋಣೆ ಸೇರಬೇಕೆಂದಿದ್ದೆ. ಆದರೆ ಅವಳು ಬಂಗುಡೆ ಮೀನು ಹುರಿದಿದ್ದಳು. ಊಟ ಮಾಡಿಯೇ ಮುನಿಸಿಕೊಂಡೆ.

ಇನ್ನು ಉಳಿದದ್ದು ಅಲಗಿನ ತೂತು. ಸಾಹೇಬರ ಹತ್ತಿರ ಕೈಯಲ್ಲಿ ತಿರುಗಿಸುವ ಬೈರಿಗೆ ಇತ್ತು. ಕೇಳಿದಾಗ ಕೊಟ್ಟರು, ಕೊಡುವಾಗ ಎಚ್ಚರಿಸಿದರು. "ಇದು ಹಿಡಿಯುವುದಿಲ್ಲ ಮಾಸ್ಟ್ರೇ. ಅಲಗು ಹದ ಕೊಟ್ಟ ಉಕ್ಕು. ಬೆಂಕಿಗೆ ಹಾಕಿದ್ರೆ ಮಾತ್ರ ಮೆತ್ತಗಾಗುವುದು."

ಅವರು ಹೇಳಿದ್ದು, ಹಾಗೆ ಮಾಡಬೇಡಿ ಎಂಬ ಅರ್ಥದಲ್ಲಿ. ನಾನು ಮನೆಗೆ ಬಂದು ಅಮ್ಮನಿಗೆ ಹೇಳಿದ್ದೂ ಅದೇ ಅರ್ಥದಲ್ಲಿ. ಅವಳು ಮಾತ್ರ ಅದನ್ನು ಡಾಕ್ಟರರ ಚೀಟಿಯಂತೆ ತೆಗೆದುಕೊಂಡಳು. ನಾನು ಶಾಲೆಗೆ ಹೋದ ಮೇಲೆ ಬಚ್ಚಲ ಒಲೆಯಲ್ಲಿ ತೆಂಗಿನ ಗೆರಟೆ ಉರಿಸಿ, ಕೆಂಡದ ನಡುವೆ ಅಲಗನ್ನಿಟ್ಟು ಊದಿ ಊದಿ ಕೆಂಪಗೆ ಮಾಡಿ, ಅಲ್ಲೇ ಬೂದಿಯಲ್ಲಿ ಸಂಜೆಯ ತನಕ ತಣಿಯಲು ಬಿಟ್ಟಳು. ಆಮೇಲೆ ಬೈರಿಗೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತಂತೆ. ನಾನು ಬರುವಷ್ಟರಲ್ಲಿ ಗುಂಡು ತಲೆಯ ಪುಟ್ಟ ಸ್ಕ್ರೂ ತೂತಿನಲ್ಲಿ ಕೂತು, ಚೂರಿ ಪೂರ್ತಿಯಾಗಿತ್ತು.

"ತೆಗೆದು ನೋಡು," ಅಂದಳು. ಎದುರು ಕುರ್ಚಿಯಲ್ಲಿ ಕೂತು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಹೆಬ್ಬೆರಳಿಟ್ಟು ದೂಡಿದೆ. ಅಲಗು ಹಗುರವಾಗಿ ಬಿಡಿಸಿಕೊಂಡು, ಟಕ್ಕೆಂದು ನಿಂತಿತು. ಮೂರು ವರ್ಷಗಳಲ್ಲಿ ಮೊದಲ ಬಾರಿ ಆ ಬೆರಳು ಒಂದು ಕೆಲಸವನ್ನು ನೆಟ್ಟಗೆ ಮಾಡಿತ್ತು. ನಾನು ನಕ್ಕಿರಬೇಕು, ಯಾಕೆಂದರೆ ಅವಳೂ ನಕ್ಕಳು. ಒಂದು ಪೆನ್ಸಿಲು ತೆಗೆದು ಕೆತ್ತತೊಡಗಿದೆ. ಎರಡು ಎಳೆತಕ್ಕೆ ಅಲಗು ಜಾರಿತು. ಬೆಳಕಿಗೆ ಹಿಡಿದು ನೋಡಿದರೆ ಅಲಗಿನ ಬಾಯಿ ಒಂದು ಕಡೆಗೆ ಮಡಚಿಕೊಂಡಿತ್ತು. ಸಾಣೆಗೆ ಉಜ್ಜಿದೆ, ಪುನಃ ಕೆತ್ತಿದೆ, ಪುನಃ ಮಡಚಿತು. ಉಕ್ಕಿನ ಹದವೆಲ್ಲ ಬಚ್ಚಲ ಒಲೆಯಲ್ಲಿ ಹೋಗಿತ್ತು. ಬಾಳೆಹಣ್ಣು ಕೊಯ್ಯಬಹುದಿತ್ತೇನೋ.

ಅಲ್ಲಿಯವರೆಗೆ ತಡೆದದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ಬಸ್ಸಿನ ಓಡಾಟ, ಕೊಯ್ದ ಬೆರಳು, ತುಂಡಾದ ಸ್ಕೇಲು, ಮೊಂಡು ಪೆನ್ಸಿಲು ಹಿಡಿದು ಕೂತ ಮಕ್ಕಳು, ಒಂದನ್ನೂ ಬಿಡದೆ ಹೇಳಿದೆ. ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು.

"ನನ್ನ ಉಗುರು ತೆಗೆದವಳೂ ನೀನೇ, ನನ್ನ ಚೂರಿ ತೆಗೆದವಳೂ ನೀನೇ," ಅಂದೆ.

ಅಮ್ಮ ಎದ್ದು ಎನಾಮಲ್ ತಟ್ಟೆ ತೊಳೆದಳು. ಬಿಳಿ ಬಟ್ಟೆ ಮಡಚಿದಳು. ಇಕ್ಕಳ ಒರಸಿ ಕಪಾಟಿನಲ್ಲಿಟ್ಟಳು. ಎರಡು ದಿನ ನಮ್ಮ ನಡುವೆ "ಊಟ ಆಯ್ತು", "ನೀರು ಬಂತು" ಎಂಬಂಥ ಮಾತುಗಳಷ್ಟೇ ನಡೆದವು. ಕ್ಷಮೆ ಕೇಳಬೇಕೆಂದು ನನಗೆ ಅನಿಸುತ್ತಿತ್ತು. ಸ್ಕೇಲಿನ ತುಂಡುಗಳು ಕಣ್ಣಿಗೆ ಬಿದ್ದಾಗ ಅನಿಸುತ್ತಿರಲಿಲ್ಲ.

ಮೂರನೆಯ ದಿನ ಶನಿವಾರ, ಶಾಲೆ ಅರ್ಧ ದಿನ. ಮನೆಗೆ ಬಂದರೆ ಬಾಗಿಲಿಗೆ ಬೀಗ. ಕಿಟಕಿಯಿಂದ ಇಣುಕಿದರೆ ಮೇಜಿನ ಮೇಲೆ ಚೂರಿಯೂ ಇಲ್ಲ, ಬೈರಿಗೆಯೂ ಇಲ್ಲ. ನನಗೆ ಅರ್ಥವಾಯಿತು. ಬಂದ ದಾರಿಯಲ್ಲೇ ಬಸ್ಸು ಹತ್ತಿದೆ.

ಸಾಹೇಬರ ಅಂಗಡಿಯ ಮುಂದೆ ಮರದ ಸ್ಟೂಲಿನ ಮೇಲೆ ಅಮ್ಮ ನೆಟ್ಟಗೆ ಕೂತಿದ್ದಳು, ಇಗರ್ಜಿಗೆ ಉಡುವ ಸೀರೆ ಉಟ್ಟು. ಸಾಹೇಬರು ಕನ್ನಡಕ ಹಣೆಗೇರಿಸಿ ಚೂರಿಯನ್ನು ತಿರುಗಿಸಿ ನೋಡುತ್ತಿದ್ದರು. ಓಣಿಯ ಗದ್ದಲದಲ್ಲಿ ನಾನು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಕೆಲಸ ಒಳ್ಳೆ ಆಗಿದೆ ಬಾಯಮ್ಮ," ಎನ್ನುತ್ತಿದ್ದರು ಅವರು. "ಸ್ಕ್ರೂ ನೋಡಿ, ಎಷ್ಟು ಸರಿ ಕೂತಿದೆ. ಯಾರು ಮಾಡಿದ್ದು?"

"ನಾನೇ."

ಅವರು ಕನ್ನಡಕ ಕೆಳಗಿಳಿಸಿ ಅಮ್ಮನನ್ನು ಸರಿಯಾಗಿ ನೋಡಿದರು. "ಅಲಗು ಮಾತ್ರ ಸತ್ತುಹೋಗಿದೆ. ಹೆದರುವುದು ಬೇಡ, ಕೂಳೂರಿನಲ್ಲಿ ನನ್ನ ಪರಿಚಯದ ಕಮ್ಮಾರ ಒಬ್ಬ ಇದ್ದಾನೆ. ಕಾಯಿಸಿ ಎಣ್ಣೆಗೆ ಅದ್ದಿ ಪುನಃ ಹದ ಕೊಡ್ತಾನೆ. ಒಂದು ವಾರ ಬಿಡಿ. ಅಲ್ಲ, ಮಾಸ್ಟ್ರಿಗೆ ಇಷ್ಟೆಲ್ಲ ಯಾಕೆ ಬೇಕಾಯ್ತು? ನೀವು ಈಗ ಉಗುರಿಲ್ಲ ಅಂದ್ರಲ್ಲ, ಅದಕ್ಕೆ ಎಂತ ಆದದ್ದು?"

ಅಮ್ಮ ಚೂರಿಯನ್ನು ಅವರ ಕೈಯಿಂದ ತೆಗೆದುಕೊಂಡು ಮಡಚಿದಳು.

"ನಾನು ಬಾಗಿಲು ಹಾಕಿದ್ದು. ಅವನ ಕೈ ಅಲ್ಲಿ ಇದ್ದದ್ದು ನೋಡ್ಲಿಲ್ಲ. ಎಷ್ಟೋ ಜನರ ಉಗುರು ತೆಗೆದಿದ್ದೇನೆ ನಾನು, ಎಲ್ಲರದ್ದೂ ಬಂದಿದೆ. ಇವನದ್ದು ಮಾತ್ರ ಬರ್ಲಿಲ್ಲ. ಬುಡಕ್ಕೆ ಪೆಟ್ಟು ಬಿದ್ದದ್ದು ಬಾಗಿಲಿನಿಂದಲಾ, ನಾನು ತೆಗೆಯುವಾಗ ನನ್ನ ಕೈ ನಡುಗಿದ್ದರಿಂದಲಾ, ಇವತ್ತಿಗೂ ಗೊತ್ತಿಲ್ಲ ಸಾಹೇಬ್ರೇ."

ನಾನು ಓಣಿಯಲ್ಲಿ ನಿಂತೇ ಇದ್ದೆ. ನಾನು ಯಾಕೆ ಸುಳ್ಳು ಹೇಳಲಿ, ನನಗೆ ಮೊದಲು ಬಂದದ್ದು ಸಿಟ್ಟು. ಮೂರು ವರ್ಷ ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಉಂಡು ನನಗೆ ಹೇಳದ ಮಾತನ್ನು ಬೀಗ ಮಾರುವವರ ಹತ್ತಿರ, ಬೀದಿಯಲ್ಲಿ ಕೂತು ಹೇಳುತ್ತಿದ್ದಾಳೆ! ಅವಳ ಕೈ ನಡುಗಿತ್ತೆಂಬುದು ನನಗೆ ಗೊತ್ತೇ ಇರಲಿಲ್ಲ. ನನಗೆ ಕಂಡದ್ದು ನೀರು ಕುದಿಸಿ ಕತ್ತರಿ ಹಿಡಿದ ನರ್ಸ್ ಮಾತ್ರ.

ಹತ್ತಿರ ಹೋದೆ. "ಕೈ ನಡುಗಿದ್ರೂ ನನಗೆ ಗೊತ್ತಾಗ್ಲಿಲ್ಲ, ಮಾಂಯ್. ನೋವೂ ಜಾಸ್ತಿ ಆಗ್ಲಿಲ್ಲ," ಅಂದೆ. ಎರಡನೆಯದು ಸುಳ್ಳು.

ಅವಳು ಬೆಚ್ಚಿ ನನ್ನತ್ತ ನೋಡಿದಳು. ಮುಖ ಕೆಂಪಾಯಿತು. "ಯಾವಾಗ ಬಂದದ್ದು? ಊಟ ಮಾಡಿದ್ಯಾ?" ಅಂದಳು.

"ಬೀಗ ಹಾಕಿಕೊಂಡು ಬಂದವಳು ನೀನು. ಎಲ್ಲಿ ಊಟ ಮಾಡುವುದು?"

ಸಾಹೇಬರು ಇಬ್ಬರ ಮುಖವನ್ನೂ ಒಮ್ಮೆ ನೋಡಿ ಮಾತು ಬದಲಿಸಿದರು. ಗಾಜಿನ ಪೆಟ್ಟಿಗೆಯಿಂದ ಒಂದು ಹೊಸ ಮಡಚುವ ಚೂರಿ ತೆಗೆದು ಮೇಜಿನ ಮೇಲಿಟ್ಟರು. ಅದರ ಹಿಡಿಯ ಅಂಚಿನಲ್ಲಿ ಎರಡೂ ಬದಿಯಿಂದ ಅರ್ಧಚಂದ್ರದ ಹಾಗೆ ಕೊರೆದಿತ್ತು. ಆ ಜಾಗದಲ್ಲಿ ಅಲಗಿನ ಬೆನ್ನು ಹೊರಗೆ ಕಾಣುತ್ತಿತ್ತು.

"ಇಲ್ಲಿ ಎರಡು ಬೆರಳಲ್ಲಿ ಚಿವುಟಿ ಎಳೆದ್ರೆ ಆಯ್ತು. ಉಗುರೇ ಬೇಡ. ನಿಮ್ಮ ಹಳೆ ಚೂರಿಯ ಹಿಡಿಗೂ ಅರದಲ್ಲಿ ಹೀಗೆ ಉಜ್ಜಿದ್ರೆ ಆಗ್ತಿತ್ತು. ಅರ್ಧ ಗಂಟೆಯ ಕೆಲಸ."

ನಾವಿಬ್ಬರೂ ಬಗ್ಗಿ ಆ ಅರ್ಧಚಂದ್ರವನ್ನು ನೋಡಿದೆವು.

"ಅದನ್ನು ಮೊದಲೇ ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?" ಎಂದು ಅಮ್ಮ ರೇಗಿದಳು. "ಐದು ಸಲ ಬಂದಿದ್ದಾನಲ್ಲ ಇವ!"

"ಸ್ಕ್ರೂ ಬೇಕು ಅಂತ ಕೇಳಿದ್ರು ಬಾಯಮ್ಮ, ಸ್ಕ್ರೂ ಕೊಟ್ಟೆ. ಉಗುರು ಇಲ್ಲ ಅಂತ ಆಗ ಯಾರು ಹೇಳಿದ್ದು ನನಗೆ?"

ಅದು ನಿಜ. ನಾನು ಹೇಳಿರಲಿಲ್ಲ. ಪ್ರತಿ ಸಲವೂ ಆ ಕೈಯನ್ನು ಕಿಸೆಯಲ್ಲಿಟ್ಟುಕೊಂಡೇ ಅಂಗಡಿಗೆ ಹೋಗುತ್ತಿದ್ದೆ.

ಹೊಸ ಚೂರಿ ಕೊಳ್ಳಬಹುದಿತ್ತು. ಅಮ್ಮ ಅದನ್ನು ಒಂದೇ ಸಲ ಬಿಡಿಸಿ ಮಡಚಿ ನೋಡಿ, "ಇದರದ್ದು ಮೊಳೆ. ಬಿಚ್ಚಲಿಕ್ಕೆ ಬರುವುದಿಲ್ಲ," ಎಂದು ಹಿಂದಕ್ಕೆ ತಳ್ಳಿದಳು. ಹಳೆಯದನ್ನು ಕೂಳೂರಿಗೆ ಕಳಿಸಲು ಸಾಹೇಬರಿಗೆ ಒಪ್ಪಿಸಿದೆವು. ಇಬ್ಬರೂ ಹೋಟೆಲಿನಲ್ಲಿ ಊಟ ಮಾಡಿದೆವು. ಆ ಊಟದಲ್ಲೂ ಅವಳು ಲೋಟವನ್ನು ಬಿಸಿನೀರಿನಲ್ಲಿ ತೊಳೆದು ತರಲು ಎರಡು ಸಲ ವಾಪಸ್ ಕಳಿಸಿದಳು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು.

ಸಾಹೇಬರು ಒಂದು ವಾರವೆಂದದ್ದು ಕಮ್ಮಾರನ ಕೈಯಲ್ಲಿ ಮೂರು ವಾರವಾಯಿತು. ಪರೀಕ್ಷೆಯನ್ನು ಬ್ಲೇಡಿನಲ್ಲೇ ದಾಟಿಸಿದೆ. ಚೂರಿ ಬಂದಾಗ ಅಲಗಿನ ಮೇಲೆ ಕಪ್ಪು ನೀಲಿ ಕಲೆಗಳಿದ್ದವು. ಆದರೆ ಬಾಯಿ ನಿಂತಿತು. ಮೊದಲಿನಷ್ಟು ಹರಿತವಲ್ಲ, ಪೆನ್ಸಿಲಿಗೆ ಸಾಕಾಗುವಷ್ಟು. ಮುಂದೆ ಹತ್ತು ವರ್ಷ ಅದರಲ್ಲೇ ಕೆತ್ತಿದೆ. ಸ್ಕ್ರೂಗಳು ಮಾತ್ರ ಬಳಸಿದ ಹಾಗೆಲ್ಲ ಸಡಿಲವಾಗುತ್ತಿದ್ದವು. ಒಂದು ಸಲ ಬೋರ್ಡಿನ ಮುಂದೆ ಹೂದಾನಿ ಬಿಡಿಸುತ್ತಿದ್ದಾಗ ನಟ್ಟು ಕಳಚಿ, ಇಡೀ ಕ್ಲಾಸು ಬೆಂಚಿನಡಿ ನುಗ್ಗಿ ಹುಡುಕಬೇಕಾಯಿತು. ಅಮ್ಮನಿಗೆ ಹೇಳಿದರೆ, "ಅದಕ್ಕೇ ಹೇಳಿದ್ದು, ವಾರಕ್ಕೊಮ್ಮೆ ನನಗೆ ಕೊಡು," ಎಂದಳು. ಕೊಟ್ಟೆ. ಪ್ರತಿ ಶನಿವಾರ ಬಿಳಿ ಬಟ್ಟೆ, ತಟ್ಟೆ, ಸ್ಪಿರಿಟ್. ಬಿಚ್ಚುತ್ತಿದ್ದಳು, ಕುದಿಸುತ್ತಿದ್ದಳು, ಬಿಗಿದು ಕೊಡುತ್ತಿದ್ದಳು. ಬಾಗಿಲಿನ ಮಾತು ನಮ್ಮ ನಡುವೆ ಮತ್ತೆ ಬರಲಿಲ್ಲ. ಆದರೆ ಆ ಶನಿವಾರಗಳಲ್ಲಿ ಅವಳು, "ಕೈ ತಾ ಇಲ್ಲಿ," ಎಂದು ನನ್ನ ಹೆಬ್ಬೆರಳನ್ನು ಬೆಳಕಿಗೆ ಹಿಡಿದು, ಕಳ್ಳತನವಿಲ್ಲದೆ ನೋಡತೊಡಗಿದಳು.

ಅರವತ್ತರ ದಶಕದ ಕೊನೆಗೆ ಶಾಲೆಯವರು ಮೇಜಿಗೆ ಬಿಗಿದು ಹಿಡಿ ತಿರುಗಿಸುವ ಪೆನ್ಸಿಲು ಕೆತ್ತುವ ಯಂತ್ರವೊಂದನ್ನು ತರಿಸಿದರು. ಸಂತೋಷದಿಂದ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಆಗ ಅವಳಿಗೆ ಎಪ್ಪತ್ತರ ಹತ್ತಿರ.

"ಅದರ ಒಳಗೆ ಎಂತ ಉಂಟು?" ಕೇಳಿದಳು.

"ಗೊತ್ತಿಲ್ಲ, ಮಾಂಯ್. ಹಲ್ಲಿನ ಚಕ್ರ ಇರ್ಬೇಕು."

"ಒಂದು ಶನಿವಾರ ಮನೆಗೆ ತಾ. ಬಿಚ್ಚಿ ನೋಡುವ."

ಅದು ಶಾಲೆಯ ಸೊತ್ತು, ಹೊರಗೆ ತರಲು ಬಿಡುವುದಿಲ್ಲ ಎಂದೆ. ಹೆಡ್‌ಮಾಸ್ಟರರನ್ನು ಕೇಳಿಯೂ ಇರಲಿಲ್ಲ. ಅವಳು ಅದನ್ನು ನಂಬಲಿಲ್ಲವೆಂದು ಕಾಣುತ್ತದೆ. ಮುಂದಿನ ತಿಂಗಳು ಶಾಲೆಯ ವಾರ್ಷಿಕೋತ್ಸವಕ್ಕೆ ಬಂದವಳು ಡ್ರಾಯಿಂಗ್ ಕೋಣೆ ಎಲ್ಲಿ ಎಂದು ಮೂರು ಜನರ ಹತ್ತಿರ ವಿಚಾರಿಸಿದಳಂತೆ.